ನಾವಿಕನಿಗೆ ಬೇರೆಯವರ ದನಿ

ನಾವಿಕ ಬಾಯಿ ತೆರೆದದ್ದೇ ತಡ, ಸಿಂಧೂರಳಿಗೆ ಎಲ್ಲೋ ಏನೋ ತಪ್ಪಿದೆ ಎನಿಸಿತು.

"ಗಾಳಿ ನಮ್ಮ ಕಡೆ ತಿರುಗಿದೆ. ಹಾಯಿ ಬಿಚ್ಚಿರಿ!" ಎಂದು ಅವನು ಟಿವಿಯೊಳಗೆ ಹಡಗಿನ ತುದಿಯಲ್ಲಿ ನಿಂತು ಕೂಗುತ್ತಿದ್ದ. ತುಂಬು ದನಿ, ನಯವಾದ ದನಿ. ಒಂದು ಅಕ್ಷರವೂ ಜಾರಲಿಲ್ಲ. ಆದರೆ ಅದು ಶಿವಪ್ರಕಾಶನ ದನಿಯಲ್ಲ.

"ಹರ್ಷಿ, ಸ್ವಲ್ಪ ಹಿಂದಕ್ಕೆ ಹಾಕು."

"ಈಗ ತಾನೇ ಶುರುವಾಗಿದೆ ಕಣೇ. ಹಿಂದಕ್ಕೆ ಹೋದ್ರೆ ಬರೀ ಕಂಪೆನಿ ಹೆಸರು ಬರುತ್ತೆ," ಎಂದಳು ಹರ್ಷಿತಾ. ಇಬ್ಬರೂ ಪುಣೆಯ ಹಿಂಜವಾಡಿಯ ಒಂದೇ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರು, ಒಂದೇ ಫ್ಲ್ಯಾಟಿನಲ್ಲಿ ಇರುವವರು. ಗೆಳತಿ ದನಿ ಕೊಟ್ಟ ಸಿನಿಮಾ ಎಂದು ಹರ್ಷಿತಾ ಅವತ್ತು ಬೇಗ ಮನೆಗೆ ಬಂದು ಪಾಪ್‌ಕಾರ್ನ್ ಹುರಿದಿದ್ದಳು.

"ಹಾಕು ಅಂದ್ನಲ್ಲ."

ಮತ್ತೆ ಅದೇ ಹಡಗು, ಅದೇ ಅಲೆ, ಅದೇ ಪರಿಚಯವಿಲ್ಲದ ಗಂಟಲು. ಸಿಂಧೂರ ರಿಮೋಟ್ ಕಿತ್ತುಕೊಂಡು ಭಾಷೆ ಸರಿ ಇದೆಯೇ ಎಂದು ನೋಡಿದಳು. ಕನ್ನಡವೇ ಇತ್ತು. ಸ್ವಲ್ಪ ಹೊತ್ತಿಗೆ ಹಾವುಗಳ ರಾಣಿ ಗುಹೆಯಿಂದ ಹೊರಬಂದು, "ಯಾರಲ್ಲಿ?" ಎಂದು ಗುಡುಗಿದಳು. ಅದು ಮಾತ್ರ ಸಿಂಧೂರಳದೇ ದನಿ. ಹರ್ಷಿತಾ ಸೋಫಾದ ಮೇಲೆ ಹತ್ತಿ ನಿಂತು ಸಿಳ್ಳೆ ಹಾಕಿದಳು. ಸಿಂಧೂರಳಿಗೆ ಒಂಚೂರೂ ಖುಷಿಯಾಗಲಿಲ್ಲ.

'ತಾಮ್ರದ್ವೀಪ'ದ ಎರಡನೇ ಭಾಗ ಥಿಯೇಟರಿಗೆ ಬಂದಾಗ ಕನ್ನಡದಲ್ಲಿ ಇರಲಿಲ್ಲ. ಮನೆಯಲ್ಲಿ ಕೂತು ನೋಡುವವರಿಗೆ ಬಿಡುಗಡೆ ಮಾಡುವಾಗ ಕನ್ನಡವನ್ನೂ ಸೇರಿಸೋಣ ಎಂದು ಚಿತ್ರದವರು ತೀರ್ಮಾನಿಸಿದರು. ಕೆಲಸ ಪುಣೆಯ ಎರಂಡವಣೆಯಲ್ಲಿದ್ದ ಒಂದು ಸಣ್ಣ ಸ್ಟುಡಿಯೋಗೆ ಬಂತು. ಅದನ್ನು ನಡೆಸುತ್ತಿದ್ದ ಕೇತಕಿ ಮ್ಯಾಡಮ್ ಊರಲ್ಲಿ ಕನ್ನಡ ಮಾತಾಡುವ ಒಳ್ಳೆಯ ಗಂಟಲುಗಳಿಗಾಗಿ ಹುಡುಕಿದರು. ಆಫೀಸಿನ ರಾಜ್ಯೋತ್ಸವದಲ್ಲಿ ನಿರೂಪಣೆ ಮಾಡಿದ್ದ ಚನ್ನಪಟ್ಟಣದ ಸಿಂಧೂರ ಹಾವುಗಳ ರಾಣಿಯಾದಳು. ಭವಾನಿ ಪೇಠದಲ್ಲಿ ಅಪ್ಪನ ಒಣಮೆಣಸಿನಕಾಯಿ ಅಂಗಡಿಯಲ್ಲಿ ಕೂರುತ್ತಿದ್ದ, ಬಿಡುವಾದಾಗ ಜಾಹೀರಾತುಗಳಿಗೆ ದನಿ ಕೊಡುತ್ತಿದ್ದ ಶಿವಪ್ರಕಾಶ ನಾವಿಕನಾದ. ಅವನ ಮನೆಯವರು ವಿಜಯಪುರದ ಕಡೆಯವರು. ಅವನು ಹುಟ್ಟಿ ಬೆಳೆದದ್ದು ಪುಣೆಯಲ್ಲೇ.

ಸಾಮಾನ್ಯವಾಗಿ ಡಬ್ಬಿಂಗಿನಲ್ಲಿ ಒಬ್ಬೊಬ್ಬರೇ ಬಂದು ತಮ್ಮ ಮಾತು ಹೇಳಿ ಹೋಗುತ್ತಾರೆ. ಕೇತಕಿ ಮ್ಯಾಡಮ್ ಹಾಗೆ ಮಾಡಿಸುತ್ತಿರಲಿಲ್ಲ. ಪ್ರೀತಿಯ ಸೀನಿಗೆ ಎದುರಿಗೊಂದು ಮುಖ ಬೇಕು ಎಂದು ಅವರಿಬ್ಬರನ್ನೂ ಒಂದೇ ಗಾಜಿನ ಕೋಣೆಯೊಳಗೆ ಎರಡು ಮೈಕುಗಳ ಮುಂದೆ ನಿಲ್ಲಿಸುತ್ತಿದ್ದರು. ಹಾಗಾಗಿ ಬೇಸಿಗೆಯ ಶನಿವಾರಗಳೆಲ್ಲ ಅಲ್ಲೇ ಕಳೆದವು.

ಶಿವಪ್ರಕಾಶ ಹೆಡ್‌ಫೋನಿನ ಒಂದು ಬದಿಯನ್ನು ಮಾತ್ರ ಕಿವಿಗೆ ಒತ್ತಿ ಹಿಡಿಯುತ್ತಿದ್ದ. ಮಾತು ಶುರುವಾಗುವ ಮುಂಚೆ ಒಮ್ಮೆ ಅವಳ ಕಡೆ ನೋಡುತ್ತಿದ್ದ. ಆಮೇಲೆ ಪರದೆಯ ಕಡೆ. ಆ ನೋಟ ತನಗೋ ರಾಣಿಗೋ ಎಂದು ಸಿಂಧೂರಳಿಗೆ ಎಂದೂ ತಿಳಿಯಲಿಲ್ಲ.

"ಶುರು ಮಾಡೂಣೇನ್ರಿ?" ಎನ್ನುತ್ತಿದ್ದ. "ನೀರು ಬೇಕೇನ್ರಿ? ದಣಿದ್ರೇನ್ರಿ?"

ಅವಳ ಊರಲ್ಲಿ ಒಬ್ಬ ಹುಡುಗ ಇಷ್ಟು ಮೆತ್ತಗೆ ಇಷ್ಟೊಂದು 'ರೀ' ಹಚ್ಚಿದರೆ ಅದಕ್ಕೆ ಏನೋ ಅರ್ಥ ಇರುತ್ತಿತ್ತು. ಆದರೆ ಇವನು ಚಹಾ ತರುವವನಿಗೂ 'ರೀ' ಅನ್ನುತ್ತಿದ್ದ, ಲಿಫ್ಟ್ ಕೆಟ್ಟಾಗ ಲಿಫ್ಟಿಗೂ "ಹತ್ರೀ ಮ್ಯಾಲ" ಅನ್ನುತ್ತಿದ್ದ. ಅದು ಗೌರವವೋ, ಸಲಿಗೆಯೋ, ಬರೀ ಅಭ್ಯಾಸವೋ? ಅವಳು ಮನೆಗೆ ಹೋಗುವ ಕ್ಯಾಬಿನಲ್ಲಿ ಇದನ್ನೇ ಯೋಚಿಸುತ್ತಿದ್ದಳು.

ಕೊನೆಯ ಸೀನಿನಲ್ಲಿ ರಾಣಿ ದ್ವೀಪವನ್ನು ಬಿಟ್ಟು ಹೊರಡುತ್ತಾಳೆ. ನಾವಿಕ, "ತಾವು ಹೊರಟರೆ ಈ ದ್ವೀಪ ಕತ್ತಲಾಗುತ್ತದೆ, ಮಹಾರಾಣಿ," ಎನ್ನಬೇಕು. ಅವತ್ತು ಮೊದಲ ಟೇಕ್ ಸರಿಯಾಗಿ ಬಂತು. ಎರಡನೆಯದರಲ್ಲಿ ಶಿವಪ್ರಕಾಶ ಪರದೆಯಿಂದ ಕಣ್ಣು ತೆಗೆದ. ಅವಳನ್ನೇ ನೋಡುತ್ತ, "ನೀ ಹೋಗಬ್ಯಾಡ," ಎಂದುಬಿಟ್ಟ.

ಸಿಂಧೂರ ನಕ್ಕಳು. ಯಾಕೆ ನಕ್ಕಳೋ ಅವಳಿಗೇ ಗೊತ್ತಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, "ನನ್ನ ಕ್ಯಾಬ್ ಬಂತು," ಎಂದು ಬ್ಯಾಗ್ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದಳು.

ಆಮೇಲೆ ಅವನು ಫೋನ್ ಮಾಡಲಿಲ್ಲ. ಅವಳು ಮೆಸೇಜ್ ಬರೆದಳು, ಅಳಿಸಿದಳು, ಕೊನೆಗೆ 'ಹೇಗಿದ್ದೀರಾ' ಎಂದಷ್ಟೇ ಕಳಿಸಿದಳು. 'ಆರಾಮ ಅದೀನ್ರಿ' ಎಂದು ಉತ್ತರ ಬಂತು. ಅದರ ಮುಂದೆ ಏನು ಬರೆಯುವುದು? ಹಾಗಾಗಿ ಅವಳು ಬಿಡುಗಡೆಗಾಗಿ ಕಾದಳು. ಸಿನಿಮಾದಲ್ಲಿ ಆ ಮಾತು ಉಳಿದಿದ್ದರೆ ಮತ್ತೆ ಮತ್ತೆ ಕೇಳಬಹುದು. ಕೇಳಿ ಕೇಳಿ ಅದು ಯಾರಿಗೆ ಹೇಳಿದ್ದು ಎಂದು ಪತ್ತೆ ಮಾಡಬಹುದು.

ಈಗ ಆ ಸೀನು ಬಂತು. "ತಾವು ಹೊರಟರೆ ಈ ದ್ವೀಪ ಕತ್ತಲಾಗುತ್ತದೆ, ಮಹಾರಾಣಿ," ಎಂದ ಯಾರೋ ಒಬ್ಬ. ಸಿಂಧೂರಳದೇ ದನಿ, ಮೊದಲ ಟೇಕಿನಲ್ಲಿ ಶಿವಪ್ರಕಾಶನಿಗಾಗಿ ಅಷ್ಟು ಮೃದುವಾಗಿ ಹೇಳಿದ್ದ ದನಿ, ಆ ಯಾರೋ ಒಬ್ಬನಿಗೆ ಉತ್ತರ ಕೊಟ್ಟಿತು. ಅವಳಿಗೆ ತನ್ನ ದನಿಯ ಮೇಲೆಯೇ ಸಿಟ್ಟು ಬಂತು.

"ಸೂಪರ್ ವಾಯ್ಸ್ ಕಣೇ ಇವನ್ದು. ನೀನು ಹೇಳ್ತಿದ್ದ ಮೆಣಸಿನಕಾಯಿ ಹುಡುಗ ಇವನೇನಾ?" ಎಂದಳು ಹರ್ಷಿತಾ.

"ಅಲ್ಲ."

"ಮತ್ತೆ ಅವನೆಲ್ಲಿ?"

"ಅದೇ ಗೊತ್ತಾಗ್ತಿಲ್ಲ," ಎಂದಳು ಸಿಂಧೂರ.

* * *

ಮರುದಿನ ಶನಿವಾರ. ಬೆಳಿಗ್ಗೆ ಸ್ಟುಡಿಯೋ ಬಾಗಿಲು ತೆರೆಯುವ ಹೊತ್ತಿಗೆ ಸಿಂಧೂರ ಮೆಟ್ಟಿಲ ಮೇಲೆ ಕೂತಿದ್ದಳು. ಕೇತಕಿ ಮ್ಯಾಡಮ್‌ಗೆ ಕನ್ನಡ ಬರುತ್ತಿರಲಿಲ್ಲ. ಅವರ ಮಾತೆಲ್ಲ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ.

"ಅವನೇ ಬಂದು ತೆಗೆಸಿದ," ಎಂದರು ಅವರು ಬೀಗ ತೆಗೆಯುತ್ತ. "ನನ್ನ ದನಿ ಬೇಡ, ಬೆಂಗಳೂರಿನವರು ಯಾರನ್ನಾದರೂ ಹಿಡಿಯಿರಿ ಅಂದ. ನಾನು ಬೈದೆ, ಬೇಡಿಕೊಂಡೆ. ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಹೀರೋ ಪಾತ್ರ ಬೇಡ ಅಂದವನನ್ನು ನೋಡಿದ್ದು ಇದೇ ಮೊದಲು."

"ಯಾಕೆ ಅಂತ ಹೇಳ್ಲಿಲ್ವಾ?"

"ನಿನ್ನನ್ನೇ ಕೇಳಬೇಕು ಅಂತಿದ್ದೆ. ಜಗಳ ಆಡಿದ್ರಾ?"

"ಇಲ್ಲ ಮ್ಯಾಡಮ್. ನಾನು ನಕ್ಕೆ, ಅಷ್ಟೆ."

"ಯಾಕೆ ನಕ್ಕೆ?"

ಸಿಂಧೂರ ತಲೆ ಅಲ್ಲಾಡಿಸಿದಳು. ಆಮೇಲೆ ಕೇಳಿದಳು: "ಅವರು ಹೇಳಿದ ಆ ಕೊನೇ ಮಾತು ಎಲ್ಲಾದ್ರೂ ಉಳಿದಿದ್ಯಾ? ಒಂದ್ಸಲ ಕೇಳ್ಬೇಕಿತ್ತು."

"ಬಳಸದೇ ಇದ್ದದ್ದನ್ನೆಲ್ಲ ಅಳಿಸಬೇಕು ಅಂತ ಒಪ್ಪಂದ. ಅಳಿಸಿದ್ದೇವೆ. ಇದ್ದಿದ್ದರೂ ನಾನೇನು ಹೇಳಲಿ? ನಿಮ್ಮ ಭಾಷೆಯಲ್ಲಿ ಅವನು ಪ್ರೀತಿ ಮಾಡ್ತೀನಿ ಅಂದನೋ, ಬರುವಾಗ ಹಾಲಿನ ಪ್ಯಾಕೆಟ್ ತಾ ಅಂದನೋ, ನನಗೇನು ಗೊತ್ತು? ಪರದೆಯ ಮೇಲಿನ ತುಟಿಗೆ ಮಾತು ಕೂತಿದೆಯಾ ಅಂತ ನೋಡುವವಳು ನಾನು. ತುಟಿ ಚೆನ್ನಾಗಿ ಕೂತಿತ್ತು." ಕೇತಕಿ ಮ್ಯಾಡಮ್ ಅವಳ ಮುಖವನ್ನು ದಿಟ್ಟಿಸಿದರು. "ನಿನ್ನ ಮುಖ ನೋಡಿದರೆ ಹಾಲಿನ ವಿಷಯ ಅಲ್ಲ ಅನ್ಸುತ್ತೆ. ಹೋಗು, ಅವನನ್ನೇ ಕೇಳು. ಭವಾನಿ ಪೇಠಕ್ಕೆ ಹೋಗಿ ಈರಬಸಪ್ಪನ ಮಿರ್ಚಿ ಅಂಗಡಿ ಎಲ್ಲಿ ಅಂದರೆ ಯಾರಾದರೂ ತೋರಿಸ್ತಾರೆ."

* * *

ಯಾರೂ ತೋರಿಸಬೇಕಾಗಲಿಲ್ಲ. ಮೂಗೇ ತೋರಿಸಿತು. ಓಣಿಗೆ ತಿರುಗುತ್ತಿದ್ದಂತೆ ಸಿಂಧೂರಳಿಗೆ ಸೀನು ಶುರುವಾಯಿತು. ಅಂಗಡಿಯ ಮುಂದೆ ಕೆಂಪು ಮೆಣಸಿನಕಾಯಿಯ ಚೀಲಗಳು ಬಾಯಿ ತೆರೆದು ಸಾಲಾಗಿ ಕೂತಿದ್ದವು. ಒಳಗೆ ಗಾದಿಯ ಮೇಲೆ ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಪೇಪರ್ ಓದುತ್ತಿದ್ದರು.

"ಕಾಯ್ ಪಾಹಿಜೆ, ತಾಈ?" ಎಂದರು ಮರಾಠಿಯಲ್ಲಿ. ಏನು ಬೇಕು, ಅಕ್ಕಾ?

"ಶಿವಪ್ರಕಾಶ್ ಅವ್ರು..." ಎಂದು ಶುರುಮಾಡಿ ಅವಳು ಮತ್ತೆ ಸೀನಿದಳು.

"ನಮ್ಮವರೇನ್ರಿ ನೀವು!" ಈರಬಸಪ್ಪನವರ ಮುಖ ಅರಳಿತು. "ಬರ್ರಿ ಬರ್ರಿ, ಕುಂದರ್ರಿ. ಮೂಗಿಗೆ ವೇಲ್ ಅಡ್ಡ ಹಿಡೀರಿ. ಶಿವಾ, ಏ ಶಿವಾ! ಯಾರ ಬಂದಾರ ನೋಡು."

ಶಿವಪ್ರಕಾಶ ಹಿಂದಿನ ಕೋಣೆಯಿಂದ ಬಂದ. ಹುಬ್ಬಿನ ಮೇಲೆಲ್ಲ ಕೆಂಪು ಧೂಳು. ಅವಳನ್ನು ಕಂಡವನೇ ಬಾಗಿಲಲ್ಲೇ ನಿಂತ. ಅವನ ಮುಖದಲ್ಲಿ ಮೊದಲು ಬೆಳಕು ಬಂತು, ಆಮೇಲೆ ಅದನ್ನು ಯಾರೋ ಒಳಗಿನಿಂದ ಆರಿಸಿದಂತಾಯಿತು.

"ಅಯ್ಯ, ಯಾಕ್ರಿ, ಅಳಾಕ ಹತ್ತೀರಲ್ಲ?"

"ಅಳ್ತಿಲ್ಲ. ನಿಮ್ಮ ಮೆಣಸಿನಕಾಯಿ."

"ಕಣ್ಣು ಮುಟ್ಟಬ್ಯಾಡ್ರಿ. ತಡೀರಿ." ಅವನು ಒಂದು ಒದ್ದೆ ಬಟ್ಟೆ ತಂದು ಕೊಡಲು ಹೋಗಿ, ತನ್ನ ಕೈ ನೋಡಿಕೊಂಡು, ಅದನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಅವಳಿಗೆ ಕೊಟ್ಟರು. ಅದು ನಾಚಿಕೆಯೋ ಮುನಿಸೋ ಅವಳಿಗೆ ಗೊತ್ತಾಗಲಿಲ್ಲ.

"ಸಿನಿಮಾ ನೋಡಿದೆ," ಎಂದಳು.

"ಛಲೋ ಬಂದದೇನ್ರಿ?"

"ನೀವೇ ಇಲ್ವಲ್ಲ ಅದ್ರಲ್ಲಿ."

ಅವನು ಒಂದು ಮೆಣಸಿನಕಾಯಿ ಎತ್ತಿ ತೊಟ್ಟು ಮುರಿದ. "ಹೂಂ."

"ಹೂಂ ಅಂದ್ರೆ? ಯಾಕೆ ತೆಗೆಸಿದ್ರಿ?"

"ನಮ್ಮ ದನಿ ಅದಕ್ಕ ಹೊಂದೂದಿಲ್ಲರಿ. ರಾಜಾ ರಾಣಿ ಸಿನಿಮಾ ಅದು. ಎಷ್ಟ ಪುಸ್ತಕದ ಕನ್ನಡ ಮಾತಾಡಿದ್ರೂ ಎಲ್ಲ್ಯರ ಒಂದ ಕಡೆ ನಮ್ಮ ಮನಿ ಮಾತು ಹೊರಗ ಬರ್ತದ."

ಅಷ್ಟರಲ್ಲಿ ಹೋಟೆಲಿನವನೊಬ್ಬ ಬಂದು ಬ್ಯಾಡಗಿ ಮೆಣಸಿನಕಾಯಿ ಕೇಳಿದ. ಶಿವಪ್ರಕಾಶ ತೂಗಿ, ಕಟ್ಟಿ, ಮರಾಠಿಯಲ್ಲಿ ನಗುತ್ತ ಮಾತಾಡಿ ಕಳಿಸಿದ. ಆ ನಗು ತನ್ನ ಕಡೆ ತಿರುಗುವಷ್ಟರಲ್ಲಿ ಆರಿಹೋದದ್ದನ್ನು ಸಿಂಧೂರ ನೋಡಿದಳು. ಇನ್ನು ತಡ ಮಾಡಿದರೆ ತನಗೆ ಧೈರ್ಯ ಸಾಲದು ಎಂದು ಅವಳಿಗೆ ತಿಳಿಯಿತು. ಈರಬಸಪ್ಪನವರ ಪೇಪರು ಮುಖಕ್ಕಿಂತ ಸ್ವಲ್ಪ ಮೇಲೆ ಏರಿದ್ದೂ ಅವಳಿಗೆ ಕಂಡಿತು. ಆದರೂ ಕೇಳಿದಳು.

"ಕೊನೇ ಸೀನಲ್ಲಿ ಒಂದು ಮಾತು ಅಂದ್ರಿ. ಅದು ಸ್ಕ್ರಿಪ್ಟಲ್ಲಿ ಇರ್ಲಿಲ್ಲ."

ಶಿವಪ್ರಕಾಶನ ಕೈ ನಿಂತಿತು. "ತಪ್ಪಾತ್ರಿ."

"ತಪ್ಪು ಅಂದ್ರೆ?"

"ಸಾಲು ಮರತೆ. ಪರದೇದ ಮ್ಯಾಲ ಅವನ ತುಟಿ ಅಲುಗ್ಯಾಡಾಕ ಹತ್ತಿತ್ತು, ಏನರ ಅನ್ನಬೇಕಲ್ಲ. ಬಾಯಿಗೆ ಬಂದದ್ದು ಅಂದೆ." ಅವನು ತಲೆ ಎತ್ತಲಿಲ್ಲ. "ಅದು ನಿಮಗ ಅಂದದ್ದಲ್ಲರಿ."

ಅದು ನಿಮಗ ಅಂದದ್ದಲ್ಲರಿ. ಎಷ್ಟು ಸರಳವಾದ ಮಾತು. ಇಷ್ಟು ದಿನ ಅವಳು ಶಟಲ್ ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ತಲೆ ಒಣಗಿಸಿಕೊಳ್ಳುತ್ತ ಕನ್ನಡಿಯ ಮುಂದೆ, ಬರೀ ಒಂದು ಮರೆತ ಸಾಲನ್ನು ಹಿಡಿದುಕೊಂಡು ಕೂತಿದ್ದಳು. ಕಣ್ಣಿಂದ ನೀರು ಇಳಿಯಿತು. ಮೆಣಸಿನಕಾಯಿ ಅಂಗಡಿಯಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ ಎಂಬುದೊಂದೇ ಸಮಾಧಾನ.

"ಸರಿ. ಬರ್ತೀನಿ," ಎಂದು ಎದ್ದಳು.

"ಸಿಂಧೂರ ಅವರ..." ಎಂದ ಶಿವಪ್ರಕಾಶ.

ಆಗ ಮೇಲಿನಿಂದ ಹೆಣ್ಣುದನಿಯೊಂದು ಕೂಗಿತು: "ಶಿವಾ! ಮಂದಿ ಎಲ್ಲಾ ಬಂದ ಕುಂತಾರ, ಇನ್ನಾ ಎಷ್ಟೊತ್ತೋ? ರೇಣು ಟೀವಿ ಹಚ್ಯಾಳ." ಹಿಂದೆಯೇ ಅಂಗಡಿಯ ಪಕ್ಕದ ಮೆಟ್ಟಿಲಿನಲ್ಲಿ ಇಳಕಲ್ ಸೀರೆಯ ಒಬ್ಬ ಹೆಂಗಸು ಕಾಣಿಸಿಕೊಂಡರು. ಅವನ ತಾಯಿ ಪಾರವ್ವ. "ಈಕಿ ಯಾರವ್ವ?"

"ನಮ್ಮ ಸಿನಿಮಾದಾಗಿನ ರಾಣಿ," ಎಂದ ಶಿವಪ್ರಕಾಶ ಮೆಲ್ಲಗೆ.

"ಎಂಥಾ ಹೊತ್ತಿಗೆ ಬಂದೀಯವ್ವ!" ಪಾರವ್ವ ಕೆಳಗಿಳಿದು ಬಂದು ಅವಳ ಕೈ ಹಿಡಿದೇಬಿಟ್ಟರು. "ಮಗನ ಸಿನಿಮಾ ಅಂತ ಓಣಿ ಮಂದೀನೆಲ್ಲ ಕರದೀನಿ. ರಾಣೀನ ಬಂದ್ರ ಇನ್ನೇನು! ನಡಿ ಮ್ಯಾಲ."

ಸಿಂಧೂರ ಬೇಡ ಎನ್ನುವಷ್ಟರಲ್ಲಿ ಅರ್ಧ ಮೆಟ್ಟಿಲು ಹತ್ತಿಯಾಗಿತ್ತು. ಹಿಂದಿನಿಂದ ಬಂದ ಶಿವಪ್ರಕಾಶ ಪಿಸುಗುಟ್ಟಿದ: "ಅವ್ವಗ ಹೇಳಿಲ್ಲರಿ."

"ಏನನ್ನ?"

"ನನ್ನ ದನಿ ಇಲ್ಲ ಅನ್ನೂದು."

"ಅಯ್ಯೋ! ಮತ್ತೆ ಈಗೇನ್ ಮಾಡ್ತೀರಾ?"

"ನನಗೂ ತಿಳೀವಲ್ತು."

* * *

ಮೇಲಿನ ಕೋಣೆ ತುಂಬಿತ್ತು. ನೆಲದ ಮೇಲೆ ಜಮಖಾನೆ, ಜಮಖಾನೆಯ ಮೇಲೆ ಓಣಿಯ ಹೆಂಗಸರು, ಅವರ ಮಡಿಲಲ್ಲಿ ಚುರುಮುರಿಯ ಬಟ್ಟಲುಗಳು. ಶಿವಪ್ರಕಾಶನ ತಂಗಿ ರೇಣು ಟಿವಿಯ ಮುಂದೆ ಮಂಡಿಯೂರಿದ್ದಳು. ಪಾರವ್ವ ಸಿಂಧೂರಳನ್ನು ಎಲ್ಲರಿಗೂ ತೋರಿಸಿ, ತನ್ನ ಪಕ್ಕದಲ್ಲೇ ಕೂರಿಸಿಕೊಂಡರು. ಶಿವಪ್ರಕಾಶ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಓಡಿಹೋಗಲು ಅನುಕೂಲವಾಗುವ ಜಾಗ.

ಹಡಗು ಬಂತು. ನಾವಿಕ ಕೂಗಿದ: "ಗಾಳಿ ನಮ್ಮ ಕಡೆ ತಿರುಗಿದೆ. ಹಾಯಿ ಬಿಚ್ಚಿರಿ!"

"ಪಾರವ್ವಾ, ಕಿತೀ ಛಾನ್ ಬೋಲತೋ ಗ ತುಝಾ ಮುಲಗಾ!" ಎಂದು ಪಕ್ಕದ ಮನೆಯ ಮರಾಠಿ ಕಾಕೂ ಚಪ್ಪಾಳೆ ತಟ್ಟಿದರು. ಎಷ್ಟು ಚಂದ ಮಾತಾಡ್ತಾನೆ ನಿನ್ನ ಮಗ!

ಸಿಂಧೂರ ಪಾರವ್ವನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಅವರ ನಗು ಹಾಗೇ ಇತ್ತು, ಆದರೆ ಕಣ್ಣು ಮಾತ್ರ ಟಿವಿ ಬಿಟ್ಟು ಮಗನ ಕಡೆ ಹೋಗಿತ್ತು. ಮಗ ನೆಲ ನೋಡುತ್ತಿದ್ದ. ಪಾರವ್ವ ಕೈ ಚಾಚಿ ರೇಣುವಿನಿಂದ ರಿಮೋಟ್ ತೆಗೆದುಕೊಂಡರು. ದನಿ ನಿಂತುಹೋಯಿತು.

"ಅವ್ವಾ! ಯಾಕ?" ಎಂದಳು ರೇಣು.

"ಈ ಟೀವಿ ದನಿ ಸರಿ ಇಲ್ಲ, ಕಿವಿಗೆ ಬಡೀತದ," ಎಂದರು ಪಾರವ್ವ. "ಮನ್ಯಾಗ ಮನಶ್ಯಾನ ಇದ್ದಾಗ ಟೀವಿದ್ಯಾಕ ಬೇಕು? ಶಿವಾ, ಮುಂದ ಬಾ. ನೀನ ಹೇಳು."

"ಅವ್ವಾ, ಅದು..."

"ಹೇಳಪಾ. ನಾ ಅದನ್ನ ಕೇಳಾಕ ಕುಂತೀನಿ."

ಇಡೀ ಕೋಣೆ ಅವನನ್ನೇ ನೋಡುತ್ತಿತ್ತು. ಶಿವಪ್ರಕಾಶ ಟಿವಿಯ ಪಕ್ಕಕ್ಕೆ ಬಂದು ನಿಂತ. ಪರದೆಯಲ್ಲಿ ನಾವಿಕ ಮೂಕನಾಗಿ ಕೈ ಬೀಸುತ್ತಿದ್ದ. "ಸಂಗಾತಿಗಳೇ, ದ್ವೀಪವು..." ಎಂದು ಶುರುಮಾಡಿ ತಡವರಿಸಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಒಮ್ಮೆಲೇ, ಅಂಗಡಿಯಲ್ಲಿ ಹಮಾಲರನ್ನು ಕರೆಯುವ ಗಂಟಲಿನಲ್ಲಿ, "ಏ, ಗಾಳಿ ನಮ್ಮ ಕಡೆ ತಿರಗೇತಿ, ಹಾಯಿ ಬಿಚ್ರೋ! ಅಲ್ಲಿ ನೋಡ್ರಿ, ದ್ವೀಪ ಕಾಣ್ತದ!" ಎಂದ.

ಕೋಣೆ ಎಚ್ಚೆತ್ತಿತು. ಹಡಗಿನ ಮೇಲಿದ್ದವನು ಈಗ ಬೇರೆಯವನಲ್ಲ, ತಮ್ಮ ಓಣಿಯವನು. ನಾವಿಕ ಇಳಿದ, ಬಂಡೆ ಹತ್ತಿದ, ಹದ್ದಿನ ಜೊತೆ ಬಡಿದಾಡಿದ. ಹದ್ದನ್ನು ಶಿವಪ್ರಕಾಶ ಬೈದ ರೀತಿಗೆ ಕಾಕೂಗೆ ಕನ್ನಡ ಬಾರದಿದ್ದರೂ ಕೆಮ್ಮು ಬರುವಷ್ಟು ನಗು ಬಂತು. ಗುಹೆ ಬರುತ್ತಿದ್ದಂತೆ ಪಾರವ್ವ ಸಿಂಧೂರಳ ಬೆನ್ನು ತಟ್ಟಿದರು. "ಏಳವ್ವ, ನಿಂದ ಬಂತು."

ಸಿಂಧೂರ ಟಿವಿಯ ಇನ್ನೊಂದು ಬದಿಗೆ ಹೋಗಿ ನಿಂತಳು. ಅಂಗಡಿಯಲ್ಲಿ ಕೇಳಿದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ಬೇಕೆಂದೇ ಅವನ ಕಡೆ ನೋಡದೆ ಗುಡುಗಿದಳು: "ಯಾರಲ್ಲಿ? ನನ್ನ ಅಪ್ಪಣೆಯಿಲ್ಲದೆ ಈ ದ್ವೀಪದ ಮೇಲೆ ಕಾಲಿಟ್ಟವರು ಯಾರು?"

"ನಾನ್ರಿ, ರಾಣೀಸಾಹೇಬ್ರ," ಎಂದ ಶಿವಪ್ರಕಾಶ ಕೈ ಮುಗಿದು. "ಪೂರಾ ಇಟ್ಟಿಲ್ಲರಿ ಇನ್ನಾ. ಒಂದ ಕಾಲು ನೀರಾಗ ಅದ."

ಸಿಂಧೂರಳಿಗೆ ತಡೆಯಲಾಗಲಿಲ್ಲ. ನಗು ಒಳಗಿನಿಂದ ಉಕ್ಕಿ ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು, ಭುಜ ಕುಲುಕಿತು, ಕಣ್ಣಲ್ಲಿ ಮತ್ತೆ ನೀರು ಬಂತು. ಇಷ್ಟವಾದದ್ದು ತನ್ನ ಕೈಯಲ್ಲಿ ಹಿಡಿಯಲಾರದಷ್ಟಾದರೆ ಅವಳು ಹೀಗೆಯೇ ನಗುವವಳು. ಚಿಕ್ಕಂದಿನಿಂದಲೂ ಹಾಗೆ.

ಶಿವಪ್ರಕಾಶ ಅವಳನ್ನು ನೋಡುತ್ತ ನಿಂತುಬಿಟ್ಟ. ಮೊದಲು ಗಲಿಬಿಲಿ, ಆಮೇಲೆ ಯಾವುದೋ ಲೆಕ್ಕ ತಪ್ಪಾಗಿ ಹಾಕಿದ್ದು ಈಗ ತಿಳಿಯಿತೆಂಬಂಥ ಮುಖ. ಪರದೆಯಲ್ಲಿ ನಾವಿಕನ ತುಟಿ ಸುಮ್ಮನೆ ಅಲುಗುತ್ತಲೇ ಇತ್ತು.

"ಅಣ್ಣಾ! ಹಾವು ಬಂತು, ಹಾವು! ಏನರ ಅನ್ನು!" ಎಂದು ರೇಣು ಕಿರುಚಿದಳು.

ಹಾವಿನ ಬುಸುಗುಡುವಿಕೆಯನ್ನು ಕೊನೆಗೆ ಕಾಕೂ ಮಾಡಬೇಕಾಯಿತು.

* * *

ಸಿನಿಮಾ ಮುಗಿಯಲಿಲ್ಲ. ನಡುವೆ ಚಹಾ ಬಂತು, ಮಾತು ಬಂತು, ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಪಾರವ್ವ ಸಿಂಧೂರಳಿಗೆ ಊಟ ಮಾಡಿಸದೆ ಬಿಡಲಿಲ್ಲ. ಮಗನ ದನಿ ಯಾಕಿಲ್ಲ ಎಂದು ಅವನನ್ನೂ ಕೇಳಲಿಲ್ಲ, ಇವಳನ್ನೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ಶಿವಾ, ಹಿಂಜವಾಡಿ ಮಟಾ ಬಿಟ್ಟು ಬಾ. ರಿಕ್ಷಾ ಗಿಕ್ಷಾ ಬ್ಯಾಡ," ಎಂದರು. ಈರಬಸಪ್ಪನವರು ಪೇಪರಿನ ಹಿಂದಿನಿಂದಲೇ ಸ್ಕೂಟರಿನ ಕೀಲಿ ಚಾಚಿದರು.

ಶಿವಾಜಿನಗರ ದಾಟಿತು, ಔಂಧ್ ದಾಟಿತು. ಅವನು ಯಾಕೆ ಹಾಗೆ ನೋಡಿದ? ನಿಮಗ ಅಂದದ್ದಲ್ಲ ಎಂದವನು ಯಾಕೆ ಕನ್ನಡಿಯನ್ನು ಅವಳ ಮುಖ ಕಾಣುವಂತೆ ತಿರುಗಿಸಿಕೊಂಡಿದ್ದಾನೆ? ಅಥವಾ ಅದು ಮೊದಲಿಂದಲೂ ಹಾಗೇ ಇದ್ದ ಕನ್ನಡಿಯೋ? ಸಿಂಧೂರ ಸೀಟಿನ ಹಿಂದಿನ ಕಂಬಿ ಹಿಡಿದುಕೊಂಡು, ಬೀಳದಂತೆ ಮತ್ತು ತಾಗದಂತೆ ಕೂತಿದ್ದಳು.

ವಾಕಡದ ಬಳಿ ಟ್ರಾಫಿಕ್ ಕಟ್ಟಿಕೊಂಡಿತು. ಕಾರು, ಬಸ್ಸು, ಕಂಪೆನಿ ಕ್ಯಾಬು, ರಿಕ್ಷಾ, ಯಾವುದೂ ಮುಂದೆ ಹೋಗುವಂತಿರಲಿಲ್ಲ. ಶಿವಪ್ರಕಾಶ ಎಂಜಿನ್ ಆರಿಸಿದ. ಮುಂದೆ ನೋಡುತ್ತಲೇ ಮಾತಾಡಿದ.

"ಅವತ್ತ ನೀವು ನನ್ನ ಮಾತಿಗೆ ನಕ್ರಿ ಅಂತ ತಿಳಕೊಂಡಿದ್ದೆ."

"ನಿಮ್ಮ ಮಾತಿಗಾ? ನಾನ್ಯಾಕ್ರೀ ನಗ್ಲಿ?"

"ನಗತಾರ್ರಿ. ಬೆಂಗಳೂರಿಗೆ ಎಷ್ಟೋ ಸಲ ದನಿ ಕಳಿಸೀನಿ. ಹೀರೋಗ ಬ್ಯಾಡ, ಕಾಮಿಡಿಗೆ ಆಗ್ತದ ಅಂತಾರ. ಅವತ್ತ ನೀವೂ ನಕ್ಕು ಓಡಿ ಹೋದ್ರಿ. ನಾ ಇದ್ದರ ಸಿನಿಮಾ ಕೆಡ್ತದ ಅನ್ನಿಸ್ತು, ತಗಿಸಿದೆ."

"ಹೆದರಿ ನಕ್ಕಿದ್ದು ಕಣ್ರೀ ನಾನು. ಯಾರೂ ಹಾಗೆ ಮುಖ ನೋಡ್ಕೊಂಡು ಹೇಳಿರ್ಲಿಲ್ಲ. ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ಇವತ್ತ ಮನ್ಯಾಗ ನಕ್ರಲ್ಲ, ಅವಾಗ ತಿಳೀತ್ರಿ. ಎರಡೂ ಒಂದ ನಗಿ."

ಸಿಂಧೂರ ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿದಳು. "ಆದ್ರೆ ಆ ಮಾತು ನಂಗಲ್ಲ ಅಂದ್ರಲ್ಲ."

"ಹೌದ್ರಿ. ಅದು ಖರೇನ. ಸಾಲು ಮರತದ್ದ ಅದು. ನಿಮಗ ಸುಳ್ಳ ಹ್ಯಾಂಗ ಹೇಳ್ಲಿ?"

ಪಕ್ಕದ ರಿಕ್ಷಾದವನು ಬೇಸರದಿಂದ ಹಾರನ್ ಒತ್ತಿದ.

"ಆದರ," ಎಂದ ಶಿವಪ್ರಕಾಶ, "ನೀವು ನಕ್ಕು ಹೋದ ಮ್ಯಾಲ ನಾ ಮನೀಗೆ ಬಂದು ಉಣ್ಣಲಿಲ್ಲರಿ. ಕೇತಕಿ ಮ್ಯಾಡಮ್ ನಕ್ಕಿದ್ರ ಉಣತಿದ್ದೆ. ಇಡೀ ಬೆಂಗಳೂರ ನಕ್ಕಿದ್ರೂ ಉಣತಿದ್ದೆ. ಈಕಿ ನಕ್ಕರ ಮಾತ್ರ ಯಾಕ ತುತ್ತು ಇಳೀವಲ್ದು ಅಂತ ಕುಂತು ವಿಚಾರ ಮಾಡಿದೆ. ಅಲ್ಲೀ ಮಟಾ ನನಗೂ ಗೊತ್ತಿರಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ಬಿಡಿಸಿ ಹೇಳಬೇಕೇನ್ರಿ?"

"ಹೇಳ್ಬೇಕು. ನಾನು ಇಷ್ಟು ದಿನ ಊಹೆ ಮಾಡಿ ಮಾಡಿ ಸಾಕಾಗಿದೆ. ನೀವು ಒಂದು ಹೇಳ್ತೀರಾ, ನಾನು ಇನ್ನೊಂದು ತಿಳ್ಕೋತೀನಿ. ಸರಿಯಾಗಿ ಹೇಳಿ."

ಅವನು ಕತ್ತು ಹಿಂದೆ ತಿರುಗಿಸಿದ. ಹೆಲ್ಮೆಟ್ಟಿನೊಳಗೆ ಕಣ್ಣು ಮಾತ್ರ ಕಾಣುತ್ತಿತ್ತು. "ನಿಮ್ಮ ಮ್ಯಾಲ ನನಗ ಭಾಳ ಜೀವ ಅದರಿ. ಇದು ನಿಮಗ ಹೇಳಿದ್ದು. ರಾಣಿಗಲ್ಲ."

ಸಿಂಧೂರಳಿಗೆ ಈ ಸಲ ನಗು ಬರಲಿಲ್ಲ. ಕಂಬಿ ಹಿಡಿದಿದ್ದ ಕೈ ತಾನಾಗಿಯೇ ಬಿಟ್ಟಿತು, ಅವನ ಭುಜದ ಮೇಲೆ ಬಂದು ಕೂತಿತು.

"ನಂಗೂ," ಎಂದಳು.

ಮುಂದೆ ಎಲ್ಲೋ ದಾರಿ ಬಿಟ್ಟಿತು. ಹಿಂದಿನ ಬಸ್ಸು ಭೋ ಎಂದು ಹಾರನ್ ಹೊಡೆಯಿತು.

"ಏನ್ರಿ?" ಶಿವಪ್ರಕಾಶ ಹೆಲ್ಮೆಟ್ಟಿನ ಬದಿಗೆ ಕೈ ಹಿಡಿದ. "ಕೇಳಲಿಲ್ಲರಿ."

"ನಂಗೂ ಅಂದೆ!"

"ನಂಗ... ಏನು? ನಿಂಗ?" ಅವನ ಕಣ್ಣಲ್ಲಿ ಗಾಬರಿ ಕಂಡಿತು. "ಬ್ಯಾಡ ಅಂದ್ರೇನ್ರಿ?"

"ಅಯ್ಯೋ, ಅಲ್ರೀ! ನಂಗೂ! ನಂಗೂ ಇದೆ ಅಂತ!"

"ಆಂ?"

ಪಕ್ಕದ ರಿಕ್ಷಾದವನಿಗೆ ಇನ್ನು ತಾಳ್ಮೆ ಉಳಿದಿರಲಿಲ್ಲ. ಗಡಿಯ ಅಕ್ಕಲಕೋಟೆಯ ಕಡೆಯವನಿರಬೇಕು. ತಲೆ ಹೊರಗೆ ಹಾಕಿ, ವಾಕಡದ ಅಷ್ಟೂ ಹಾರನ್ನುಗಳ ಮೇಲೆ ಕೇಳುವಂತೆ ಕನ್ನಡದಲ್ಲೇ ಕೂಗಿದ:

"ಏ ತಮ್ಮಾ! ಆಕಿಗೂ ನಿನ್ನ ಮ್ಯಾಲ ಜೀವ ಐತಂತೋ! ಹೂಂ ಅಂದಾಳ! ಇನ್ನರ ಗಾಡಿ ಮುಂದ ತಗಿ ಮಾರಾಯಾ!"

ಶಿವಪ್ರಕಾಶ ರಿಕ್ಷಾದವನನ್ನು ನೋಡಿದ, ಸಿಂಧೂರಳನ್ನು ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಸುತ್ತಲಿನ ಗಾಡಿಗಳೆಲ್ಲ ಅವರನ್ನು ದಾಟಿ, ಬೈದು, ಮುಂದೆ ಹೋಗುತ್ತಿದ್ದವು. ಅವನು ಮಾತ್ರ ಕೀಲಿ ತಿರುವುವುದು ಹೇಗೆಂಬುದೇ ಮರೆತವನಂತೆ ನಡುರಸ್ತೆಯಲ್ಲಿ ಹಾಗೇ ಕೂತಿದ್ದ.